ಬಿಇ, ಬಿಸಿಎ ತರಗತಿಗೆ ಕ್ವಾಂಟಮ್ ಕಂಪ್ಯೂಟಿಂಗ್: ಕೊಡಗಿನ ಕಾಲೇಜುಗಳಿಗೆ ಯಾವ ದಾರಿ ಸರಿ?

ಅಣುಗಳ ಮಟ್ಟದ ಭೌತಶಾಸ್ತ್ರದ ನಿಯಮಗಳನ್ನು ಬಳಸಿ ಲೆಕ್ಕ ಮಾಡುವ ಕ್ವಾಂಟಮ್ ಕಂಪ್ಯೂಟಿಂಗನ್ನು ಡಿಗ್ರಿ ಮಟ್ಟದಲ್ಲೇ ಕಲಿಸಬೇಕಾ ಬೇಡವಾ ಎಂಬ ಚರ್ಚೆ ಹೆಚ್ಚುಕಡಿಮೆ ಮುಗಿದಿದೆ. 2023ರ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟ 6,003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. 2024ರ ಡಿಸೆಂಬರ್‌ನಲ್ಲಿ ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಸಂಸ್ಥೆ ಎಐಸಿಟಿಇ ಇಂಜಿನಿಯರಿಂಗ್ ಮಕ್ಕಳಿಗಾಗಿ ಕ್ವಾಂಟಮ್ ಟೆಕ್ನಾಲಜಿಯ ಮೈನರ್ ಪಠ್ಯಕ್ರಮ ಹೊರತಂದಿತು. 2025ರಲ್ಲಿ ಬೆಂಗಳೂರಿನ ಕ್ಯೂಪಿಎಐ ಕಂಪನಿ 25 ಕ್ಯೂಬಿಟ್‌ನ (ಕ್ಯೂಬಿಟ್ ಅಂದರೆ ಕ್ವಾಂಟಮ್ ಕಂಪ್ಯೂಟರಿನ ಬಿಟ್) ಯಂತ್ರವನ್ನು ಹೊರಗೆ ತೋರಿಸಿತು. ಇದನ್ನೆಲ್ಲ ಓದಿದ ಮೇಲೆ ಮಡಿಕೇರಿ, ಪೊನ್ನಂಪೇಟೆ, ಕುಶಾಲನಗರ, ವಿರಾಜಪೇಟೆ, ಗೋಣಿಕೊಪ್ಪಲಿನ ಕಾಲೇಜುಗಳಲ್ಲೂ ಮಕ್ಕಳು, ಪೋಷಕರು, ಮ್ಯಾನೇಜ್‌ಮೆಂಟ್ ಎಲ್ಲರೂ "ನಮ್ಮಲ್ಲಿ ಯಾವಾಗ?" ಅಂತ ಕೇಳುವುದು ಸಹಜ.

ಕಷ್ಟ ಇರುವುದು "ಹೇಗೆ" ಎನ್ನುವುದರಲ್ಲಿ. ಪೂರ್ತಿ ಸೆಮಿಸ್ಟರ್‌ನ ಎಲೆಕ್ಟಿವ್ ಮಾಡಬಹುದು, ಈಗಿರುವ ಪೇಪರ್‌ಗಳ ಒಳಗೆ ಸ್ವಲ್ಪ ಸೇರಿಸಬಹುದು, ಐಐಟಿಗಳ ಆನ್‌ಲೈನ್ ಪಾಠಗಳಾದ ಎನ್‌ಪಿಟಿಇಎಲ್ ಕೋರ್ಸ್‌ಗೆ ಮಕ್ಕಳನ್ನು ಸೇರಿಸಬಹುದು, ಮೈನರ್ ಡಿಗ್ರಿಯನ್ನೇ ಶುರು ಮಾಡಬಹುದು, ಅಥವಾ ಎರಡು ದಿನದ ವರ್ಕ್‌ಶಾಪ್ ಇಟ್ಟು ಸರ್ಟಿಫಿಕೇಟ್ ಹಂಚಬಹುದು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಜಿಲ್ಲೆಯ ಬಹುತೇಕ ಕಾಲೇಜುಗಳಿಗೆ ಈಗಿರುವ ಪೇಪರ್‌ಗಳ ಒಳಗೇ 12ರಿಂದ 15 ಗಂಟೆಯ ಪಾಠ ಸೇರಿಸುವುದು ಸರಿಯಾದ ಶುರು. ಅದನ್ನು ಗಣಿತದ ಕಡೆಯಿಂದ ಆರಂಭಿಸಬೇಕು. ಲ್ಯಾಬ್‌ನ ಕಂಪ್ಯೂಟರ್‌ನಲ್ಲಿ ನೆಟ್ ಇಲ್ಲದೆಯೂ ಓಡುವ, ಕ್ವಾಂಟಮ್ ಯಂತ್ರವನ್ನು ಅನುಕರಿಸುವ ಸಿಮ್ಯುಲೇಟರ್ ಇಟ್ಟುಕೊಳ್ಳಬೇಕು. ಎಲೆಕ್ಟಿವ್ ಬೇಕಾದರೆ ಎರಡು ವರ್ಷ ಬಿಟ್ಟು ನೋಡಬಹುದು. ಯಾಕೆ ಅಂತ ಮುಂದೆ ಒಂದೊಂದಾಗಿ ಹೇಳುತ್ತೇನೆ. ನಿಮ್ಮ ಕಾಲೇಜಿನ ಪರಿಸ್ಥಿತಿ ಬೇರೆ ಇದ್ದರೆ ಆಯ್ಕೆಯೂ ಬೇರೆ ಆಗುತ್ತದೆ, ಅದನ್ನೂ ಅಲ್ಲಲ್ಲಿ ಹೇಳಿದ್ದೇನೆ.

ಮೊದಲು ಮಕ್ಕಳಿಗೆ ಏನು ಗೊತ್ತಿದೆ ನೋಡಿ

ಬಿಇ ಮಕ್ಕಳ ವಿಷಯದಲ್ಲಿ ಒಂದು ಒಳ್ಳೆಯ ಸಂಗತಿ ಇದೆ, ಅದು ಎಷ್ಟೋ ಸಲ ಕಂಪ್ಯೂಟರ್ ಸೈನ್ಸ್ ಡಿಪಾರ್ಟ್‌ಮೆಂಟ್‌ನ ಗಮನಕ್ಕೇ ಬರುವುದಿಲ್ಲ. ವಿಟಿಯುನ 2022ರ ಸ್ಕೀಮ್‌ನಲ್ಲಿ ಸಿಎಸ್ ಸ್ಟ್ರೀಮ್‌ನ ಮೊದಲ ವರ್ಷದ ಫಿಸಿಕ್ಸ್‌ನಲ್ಲೇ ಕ್ವಾಂಟಮ್ ಕಂಪ್ಯೂಟಿಂಗ್ ಇದೆ. ಕ್ಯೂಬಿಟ್ ಎಂದರೇನು, ಬ್ಲಾಕ್ ಗೋಳ, ಕೆಟ್ ಬರವಣಿಗೆ, ಪೌಲಿ ಮ್ಯಾಟ್ರಿಕ್ಸ್‌ಗಳು, ಹಡಮಾರ್ಡ್, ಸಿನಾಟ್, ಟೊಫೋಲಿ ಗೇಟ್‌ಗಳು (ಗೇಟ್ ಅಂದರೆ ಕ್ಯೂಬಿಟ್ ಮೇಲೆ ಮಾಡುವ ಒಂದು ಹಂತದ ಲೆಕ್ಕ), ಎಲ್ಲವೂ ಅಲ್ಲಿ ಬಂದುಹೋಗುತ್ತವೆ. ಅದನ್ನು ಫಿಸಿಕ್ಸ್ ಮೇಷ್ಟ್ರು ಕಲಿಸುತ್ತಾರೆ, ಮಕ್ಕಳು ಪರೀಕ್ಷೆಗೆ ಬರೆಯುತ್ತಾರೆ, ಮೂರನೇ ವರ್ಷಕ್ಕೆ ಬರುವಾಗ ಮರೆತಿರುತ್ತಾರೆ. ಅಂದರೆ ಪೊನ್ನಂಪೇಟೆಯಲ್ಲೋ ಕುಶಾಲನಗರದಲ್ಲೋ ಬಿಇ ಓದುವ ಹುಡುಗಿಗೆ ಇದು ಹೊಸ ವಿಷಯವೇ ಅಲ್ಲ. ಅವಳಿಗೆ ಅದನ್ನು ಪ್ರೋಗ್ರಾಂ ಮಾಡಿ ನೋಡುವ ಅವಕಾಶ ಮಾತ್ರ ಸಿಕ್ಕಿಲ್ಲ. ನಿಮ್ಮದು ವಿಟಿಯು ಕಾಲೇಜಾದರೆ ಬೇರೆ ಏನನ್ನೂ ಯೋಚಿಸುವ ಮೊದಲು ಫಿಸಿಕ್ಸ್ ಡಿಪಾರ್ಟ್‌ಮೆಂಟ್‌ಗೆ ಹೋಗಿ ಆ ಮಾಡ್ಯೂಲ್‌ನ ನೋಟ್ಸ್ ಕೇಳಿ ತನ್ನಿ.

ಬಿಸಿಎ ಕಥೆಯೇ ಬೇರೆ. ಬಿಸಿಎಗೆ ಬರುವವರಲ್ಲಿ ಪಿಯುಸಿಯಲ್ಲಿ ಕಾಮರ್ಸ್ ಓದಿದವರು ಜಾಸ್ತಿ. ಕಾಂಪ್ಲೆಕ್ಸ್ ನಂಬರ್ ನೋಡದವರು, ಮ್ಯಾಟ್ರಿಕ್ಸ್ ಗುಣಾಕಾರವನ್ನು ಬಿಸಿಎಯಲ್ಲೇ ಮೊದಲ ಸಲ ನೋಡಿದವರು ಬಹಳ ಮಂದಿ. ಅವರಿಗೆ ಪ್ರೋಗ್ರಾಮಿಂಗ್ ಚೆನ್ನಾಗಿ ಬರುತ್ತದೆ, ಗಣಿತ ಅಂದರೆ ಅಂಜಿಕೆ. ಹಾಗಂತ ಇವರಿಗೆ ಕ್ವಾಂಟಮ್ ಆಗದು ಎಂದು ತೀರ್ಮಾನಿಸಬೇಡಿ. ಶುರುವಿನ ಪಾಠಕ್ಕೆ ಬೇಕಾದ ಗಣಿತ ನಾವು ಅಂದುಕೊಂಡದ್ದಕ್ಕಿಂತ ತುಂಬಾ ಕಡಿಮೆ.

ಎಲ್ಲಿಂದ ಶುರು ಮಾಡುವುದು: ಫಿಸಿಕ್ಸಾ, ಗಣಿತವಾ, ಕೋಡಾ?

ಈ ಆಯ್ಕೆ ಉಳಿದೆಲ್ಲಕ್ಕಿಂತ ಮುಖ್ಯ, ಅದಕ್ಕೇ ಇದಕ್ಕೆ ಜಾಸ್ತಿ ಜಾಗ ಕೊಡುತ್ತಿದ್ದೇನೆ.

ಫಿಸಿಕ್ಸ್ ಕಡೆಯಿಂದ ಶುರು ಮಾಡಿದರೆ ಶ್ರೋಡಿಂಗರ್ ಸಮೀಕರಣ, ಸ್ಪಿನ್, ಫೋಟಾನ್ ಅಂತ ಹೋಗಬೇಕು. ಅದರಲ್ಲಿ ರಸ ಇದೆ, ಆದರೆ ಅಲ್ಗಾರಿದಂ ತಲುಪುವಷ್ಟರಲ್ಲಿ ಅರ್ಧ ಸೆಮಿಸ್ಟರ್ ಮುಗಿದಿರುತ್ತದೆ. ಕಂಪ್ಯೂಟರ್ ಸೈನ್ಸ್ ಮಕ್ಕಳಿಗೆ ಇದು ಸರಿಹೋಗುವುದಿಲ್ಲ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಕೋಡ್ ಕಡೆಯಿಂದ ಶುರು ಮಾಡುವುದು ನೋಡಲು ಆಕರ್ಷಕ. ಮೊದಲ ಗಂಟೆಯಲ್ಲೇ ಐದು ಸಾಲಿನ ಪ್ರೋಗ್ರಾಂ ಓಡುತ್ತದೆ, ಪರದೆ ಮೇಲೆ ಚಿತ್ರ ಬರುತ್ತದೆ, ಮಕ್ಕಳಿಗೆ ಖುಷಿ. ಆದರೆ ಮೂರನೇ ಗಂಟೆಯಲ್ಲಿ "ಈ ಗೇಟ್ ಹಾಕಿದ್ದಕ್ಕೆ ಯಾಕೆ ಹೀಗಾಯಿತು ಸರ್?" ಅಂತ ಕೇಳಿದರೆ ಉತ್ತರ ಹೇಳಲು ಗಣಿತವೇ ಬೇಕು. ಗಣಿತ ಬಿಟ್ಟು ಬರೀ ಕೋಡ್ ಕಲಿತವರು ಕೊನೆಗೆ ಕಾಪಿ-ಪೇಸ್ಟ್ ಮಾಡುವುದರಲ್ಲೇ ನಿಲ್ಲುತ್ತಾರೆ.

ಹಾಗಾಗಿ ಗಣಿತ. ಆದರೆ ಪೂರ್ತಿ ಲೀನಿಯರ್ ಆಲ್ಜೀಬ್ರಾ ಮುಗಿಸಿಯೇ ಮುಂದೆ ಹೋಗಬೇಕಿಲ್ಲ. ಹಡಮಾರ್ಡ್, ನಾಟ್, ಝೆಡ್, ಸಿನಾಟ್, ಈ ನಾಲ್ಕೂ ಗೇಟ್‌ಗಳ ಮ್ಯಾಟ್ರಿಕ್ಸ್‌ನಲ್ಲಿ ಇರುವುದು ಬರೀ ರಿಯಲ್ ನಂಬರ್‌ಗಳು. ಡಾಯ್ಚ್-ಜೋಸಾ, ಬರ್ನ್‌ಸ್ಟೈನ್-ವಜಿರಾನಿ, ಗ್ರೋವರ್, ಟೆಲಿಪೋರ್ಟೇಶನ್, ಇಷ್ಟನ್ನೂ ಕಾಂಪ್ಲೆಕ್ಸ್ ನಂಬರ್ ಮುಟ್ಟದೆ ಕಲಿಸಬಹುದು. ಕಾಂಪ್ಲೆಕ್ಸ್ ನಂಬರ್ ನಿಜವಾಗಿ ಬೇಕಾಗುವುದು ದೊಡ್ಡ ಸಂಖ್ಯೆಯನ್ನು ಅಪವರ್ತಿಸುವ ಶೋರ್ ಅಲ್ಗಾರಿದಂಗೆ, ಅದರೊಳಗಿನ ಫೂರಿಯರ್ ಟ್ರಾನ್ಸ್‌ಫಾರ್ಮ್‌ಗೆ. ಬಿಸಿಎಯಲ್ಲಿ ಶೋರ್ ಅನ್ನು ಕಥೆಯಾಗಿ ಹೇಳಿ ಮುಂದೆ ಹೋದರೂ ನಷ್ಟವಿಲ್ಲ.

ಮೊದಲ ದಿನ ಬೋರ್ಡ್ ಮೇಲೆ ಮಾಡಬಹುದಾದ ಒಂದು ಲೆಕ್ಕ ಹೇಳುತ್ತೇನೆ. ಹಡಮಾರ್ಡ್ ಮ್ಯಾಟ್ರಿಕ್ಸ್ ಬರೆಯಿರಿ, ಮೊದಲ ಸಾಲು 1, 1. ಎರಡನೇ ಸಾಲು 1, −1. ಮುಂದೆ ಬರಬೇಕಾದ ವರ್ಗಮೂಲ ಎರಡರ ಭಾಗಾಕಾರವನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಸೊನ್ನೆ ಸ್ಥಿತಿಯ ವೆಕ್ಟರ್ (1, 0). ಒಮ್ಮೆ ಗುಣಿಸಿದರೆ (1, 1) ಬರುತ್ತದೆ, ಅಂದರೆ ಅಳೆದರೆ ಸೊನ್ನೆಯೋ ಒಂದೋ, ಸಮ ಸಮ. ನಾಣ್ಯ ಚಿಮ್ಮಿದ ಹಾಗೆ. ಈಗ ಮಕ್ಕಳನ್ನು ಕೇಳಿ, ಅಳೆಯದೆ ಮತ್ತೊಮ್ಮೆ ಅದೇ ಗೇಟ್ ಹಾಕಿದರೆ ಏನಾಗುತ್ತದೆ? ನಾಣ್ಯವನ್ನು ಇನ್ನೊಮ್ಮೆ ಚಿಮ್ಮಿದರೂ ಅದು ಐವತ್ತು-ಐವತ್ತೇ. ಇಲ್ಲಿ ಗುಣಿಸಿ ನೋಡಿದರೆ (2, 0) ಬರುತ್ತದೆ, ಪಕ್ಕಕ್ಕಿಟ್ಟ ಭಾಗಾಕಾರ ಎರಡು ಸಲ ಮಾಡಿದರೆ (1, 0). ಪಕ್ಕಾ ಸೊನ್ನೆ. ಒಂದರ ಕಡೆಗೆ ಹೋಗುವ ದಾರಿಗಳು ಒಂದು ಪ್ಲಸ್, ಒಂದು ಮೈನಸ್ ಆಗಿ ಒಂದನ್ನೊಂದು ಅಳಿಸಿಹಾಕಿದವು. ಕ್ವಾಂಟಮ್ ಕಂಪ್ಯೂಟಿಂಗ್‌ನ ಜೀವಾಳ ಇದೇ. ಇದು ಅರ್ಥವಾದ ವಿದ್ಯಾರ್ಥಿ "ಕ್ವಾಂಟಮ್ ಕಂಪ್ಯೂಟರ್ ಎಲ್ಲ ಉತ್ತರಗಳನ್ನೂ ಒಟ್ಟಿಗೇ ನೋಡಿ ಸರಿಯಾದದ್ದನ್ನು ಕೊಡುತ್ತದೆ" ಎಂಬ ಮಾತನ್ನು ಇನ್ನು ನಂಬುವುದಿಲ್ಲ. ಅಳೆದಾಗ ಸಿಗುವುದು ಒಂದೇ ಉತ್ತರ. ತಪ್ಪು ಉತ್ತರಗಳು ಒಂದನ್ನೊಂದು ಅಳಿಸುವಂತೆ ಲೆಕ್ಕ ಹೆಣೆಯುವುದೇ ಅಲ್ಗಾರಿದಂನ ಕೆಲಸ.

ಹುಡುಕಾಟಕ್ಕಿರುವ ಗ್ರೋವರ್ ಅಲ್ಗಾರಿದಂ ಇನ್ನೂ ಸುಲಭ, ಅದಕ್ಕೆ ಮ್ಯಾಟ್ರಿಕ್ಸ್ ಕೂಡ ಬೇಡ. ನಾಲ್ಕು ಡಬ್ಬಿ, ಒಂದರಲ್ಲಿ ಬೇಕಾದ ವಸ್ತು. ನಾಲ್ಕಕ್ಕೂ ಅರ್ಧ ಅರ್ಧ ಅಂತ ಬರೆಯಿರಿ. ಈ ಸಂಖ್ಯೆಯ ವರ್ಗವೇ ಆ ಡಬ್ಬಿ ಸಿಗುವ ಸಂಭವ. ಬೇಕಾದ ಡಬ್ಬಿಯ ಚಿಹ್ನೆ ಮಾತ್ರ ಬದಲಿಸಿ, ಅದು ಮೈನಸ್ ಅರ್ಧ. ಈಗ ನಾಲ್ಕರ ಸರಾಸರಿ ಕಾಲು. ಪ್ರತಿಯೊಂದನ್ನೂ ಸರಾಸರಿಯ ಎರಡರಷ್ಟರಿಂದ, ಅಂದರೆ ಅರ್ಧದಿಂದ, ಕಳೆಯಿರಿ. ಮೂರು ಡಬ್ಬಿ ಸೊನ್ನೆಯಾದವು, ಬೇಕಾದದ್ದು ಒಂದಾಯಿತು. ಒಂದೇ ಸುತ್ತಿನಲ್ಲಿ ಪಕ್ಕಾ ಉತ್ತರ. ಆಮೇಲೆ "ಇನ್ನೊಂದು ಸುತ್ತು ಮಾಡಿ" ಅನ್ನಿ. ಬೇಕಾದ ಡಬ್ಬಿ ಸಿಗುವ ಸಂಭವ ಮತ್ತೆ ನಾಲ್ಕರಲ್ಲಿ ಒಂದಕ್ಕೆ ಇಳಿಯುತ್ತದೆ. ಹೆಚ್ಚು ಸಲ ಓಡಿಸಿದಷ್ಟೂ ಒಳ್ಳೆಯದು ಎನ್ನುವ ನಿಯಮ ಇಲ್ಲಿಲ್ಲ, ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿರಬೇಕು. 1,024 ಡಬ್ಬಿ ಇದ್ದರೆ ಸುಮಾರು 25 ಸುತ್ತಿಗೆ ನಿಲ್ಲಿಸಬೇಕು. ಈ ಇಡೀ ಪಾಠಕ್ಕೆ ಬೇಕಾದದ್ದು ಹೈಸ್ಕೂಲಿನ ಸರಾಸರಿ ಲೆಕ್ಕ ಅಷ್ಟೇ, ಅಲ್ವಾ? ಕಾಮರ್ಸ್‌ನಿಂದ ಬಂದ ಮಕ್ಕಳೂ ಇದನ್ನು ಮಾಡುತ್ತಾರೆ, ಮಾಡಿ ಖುಷಿಪಡುತ್ತಾರೆ.

ಕ್ರಮ ಹೀಗಿರಲಿ. ಬೋರ್ಡ್ ಮೇಲೆ ಕೈಲೆಕ್ಕ, ಅದೇ ಲೆಕ್ಕವನ್ನು ಪೈಥಾನ್‌ನಲ್ಲಿ ನಂಪೈ ಬಳಸಿ ಮ್ಯಾಟ್ರಿಕ್ಸ್ ಗುಣಾಕಾರವಾಗಿ ಮಾಡುವುದು, ಆಮೇಲೆ ಕ್ವಾಂಟಮ್ ಲೈಬ್ರರಿ. ನಡುವಿನ ನಂಪೈ ಹಂತವನ್ನು ಯಾರೂ ಬಿಡಬೇಡಿ. ಲೈಬ್ರರಿಯ ಒಳಗೆ ಮಂತ್ರ ಏನೂ ಇಲ್ಲ, ಇರುವುದು ಗುಣಾಕಾರವೇ ಅಂತ ಮಕ್ಕಳಿಗೆ ಅಲ್ಲಿ ಗೊತ್ತಾಗುತ್ತದೆ.

ಸಿಲಬಸ್‌ನಲ್ಲಿ ಜಾಗ ಎಲ್ಲಿ?

ಪೂರ್ತಿ ಎಲೆಕ್ಟಿವ್ ಅಂದರೆ ಮೂರು ಕ್ರೆಡಿಟ್, ವಿಟಿಯು ಲೆಕ್ಕದಲ್ಲಿ ಐದು ಮಾಡ್ಯೂಲ್, 40 ಗಂಟೆ. ಈ 40 ಗಂಟೆಯನ್ನು ಗಟ್ಟಿಯಾಗಿ ತುಂಬಿಸಬೇಕಾದರೆ ಶೋರ್ ಅಲ್ಗಾರಿದಂ, ಎರರ್ ಕರೆಕ್ಷನ್‌ನ ಪರಿಚಯ, ವೇರಿಯೇಶನಲ್ ಅಲ್ಗಾರಿದಂಗಳು ಎಲ್ಲ ಬೇಕು. ಅದನ್ನು ಧೈರ್ಯವಾಗಿ ಕಲಿಸಬಲ್ಲ ಒಬ್ಬರಾದರೂ ಡಿಪಾರ್ಟ್‌ಮೆಂಟ್‌ನಲ್ಲಿ ಇದ್ದರೆ, ತೆಗೆದುಕೊಳ್ಳಲು ಸಾಕಷ್ಟು ಮಕ್ಕಳಿದ್ದರೆ, ಎಲೆಕ್ಟಿವ್ ಒಳ್ಳೆಯದೇ. ಎರಡರಲ್ಲಿ ಒಂದು ಇಲ್ಲದಿದ್ದರೂ ಬೇಡ. ತಯಾರಿ ಇಲ್ಲದೆ ಶುರು ಮಾಡಿದ ಎಲೆಕ್ಟಿವ್ ಕೊನೆಗೆ ಪಿಪಿಟಿ ಓದುವ ಕ್ಲಾಸ್ ಆಗುತ್ತದೆ, ಮಕ್ಕಳಿಗೆ ವಿಷಯದ ಮೇಲೇ ಬೇಸರ ಬರುತ್ತದೆ.

ಈಗಿರುವ ಪೇಪರ್‌ಗಳ ಒಳಗೆ ಸೇರಿಸುವ ದಾರಿಯಲ್ಲಿ ಹೊಸ ಪೇಪರ್ ಬೇಡ, ಹೊಸ ಅನುಮತಿ ಬೇಡ. ಅಟಾನಮಸ್ ಅಲ್ಲದ ಕಾಲೇಜಿಗೆ ಸಿಲಬಸ್ ಬದಲಿಸುವ ಅಧಿಕಾರ ಇಲ್ಲ ನಿಜ, ಆದರೆ ಇಂಟರ್ನಲ್ ಮಾರ್ಕ್ಸ್‌ನ ಅಸೈನ್‌ಮೆಂಟ್, ಸೆಮಿನಾರ್, ಮಿನಿ ಪ್ರಾಜೆಕ್ಟ್ ಕಾಲೇಜಿನ ಕೈಯಲ್ಲೇ ಇವೆ. ಗಣಿತದ ಪೇಪರ್‌ನಲ್ಲಿ ಮ್ಯಾಟ್ರಿಕ್ಸ್ ಬಂದಾಗ ಹಡಮಾರ್ಡ್ ಉದಾಹರಣೆಯಾಗಿ ಮೂರು ಗಂಟೆ. ಅಲ್ಗಾರಿದಂ ಪೇಪರ್‌ನಲ್ಲಿ ಹುಡುಕಾಟದ ಪಾಠ ಆದಮೇಲೆ ಗ್ರೋವರ್‌ಗೆ ನಾಲ್ಕು ಗಂಟೆ. ಪೈಥಾನ್ ಲ್ಯಾಬ್‌ನಲ್ಲಿ ಎರಡು ವಾರ. ನೆಟ್‌ವರ್ಕ್ ಸೆಕ್ಯುರಿಟಿಯಲ್ಲಿ ಆರ್‌ಎಸ್‌ಎ ಗೂಢಲಿಪಿ ಕಲಿಸಿದ ಮಾರನೇ ದಿನ ಎರಡು ಗಂಟೆ, ಅದು ಯಾಕೆ ಮುಂದೆ ಉಳಿಯುವುದಿಲ್ಲ ಎನ್ನುವುದಕ್ಕೆ.

ಆ ಕೊನೆಯ ಎರಡು ಗಂಟೆಯನ್ನು ದಯವಿಟ್ಟು ಬಿಡಬೇಡಿ. ದೊಡ್ಡ ಸಂಖ್ಯೆಯನ್ನು ಅಪವರ್ತಿಸುವುದು ಕಷ್ಟ ಎನ್ನುವುದರ ಮೇಲೇ ಆರ್‌ಎಸ್‌ಎ ನಿಂತಿದೆ. 1994ರಲ್ಲಿ ಪೀಟರ್ ಶೋರ್ ಅಂಥ ಸಂಖ್ಯೆಯನ್ನು ಬೇಗ ಅಪವರ್ತಿಸುವ ಕ್ವಾಂಟಮ್ ದಾರಿ ತೋರಿಸಿದರು. ಅದನ್ನು ದೊಡ್ಡ ಮಟ್ಟದಲ್ಲಿ ಓಡಿಸುವ ಯಂತ್ರ ಇನ್ನೂ ಬಂದಿಲ್ಲ, ಆದರೆ ಇವತ್ತು ಕದ್ದಿಟ್ಟ ಡೇಟಾವನ್ನು ಮುಂದೊಂದು ದಿನ ತೆರೆಯಬಹುದು ಎಂಬ ಭಯ ಇದೆ. ಅದಕ್ಕೇ ಅಮೆರಿಕದ ನಿಸ್ಟ್ ಸಂಸ್ಥೆ 2024ರ ಆಗಸ್ಟ್‌ನಲ್ಲಿ ಕ್ವಾಂಟಮ್ ದಾಳಿಯನ್ನು ತಡೆಯಬಲ್ಲ ಮೂರು ಹೊಸ ಗೂಢಲಿಪಿ ಮಾನದಂಡಗಳನ್ನು ಹೊರಡಿಸಿತು. ಬ್ಯಾಂಕು, ಟೆಲಿಕಾಂ, ಸರ್ಕಾರಿ ಸಾಫ್ಟ್‌ವೇರ್ ಎಲ್ಲವೂ ನಿಧಾನವಾಗಿ ಅದಕ್ಕೆ ಬದಲಾಗಬೇಕು. ಆ ಕೆಲಸಕ್ಕೆ ಕ್ವಾಂಟಮ್ ಯಂತ್ರ ಬೇಡ, ಮಾಮೂಲಿ ಸಾಫ್ಟ್‌ವೇರ್ ಇಂಜಿನಿಯರ್ ಸಾಕು. ನಮ್ಮ ಮಕ್ಕಳಲ್ಲಿ ಬಹಳಷ್ಟು ಜನ ಮೈಸೂರಿಗೋ ಬೆಂಗಳೂರಿಗೋ ಹೋಗಿ ಮಾಡುವುದು ಅಂಥ ಕೆಲಸವನ್ನೇ. ಕ್ವಾಂಟಮ್ ಅಂತ ಹೆಸರಿಟ್ಟು ನೇರವಾಗಿ ಸಿಗುವ ಕೆಲಸಗಳು ಹೆಚ್ಚಾಗಿ ಎಂ.ಟೆಕ್, ಪಿಎಚ್‌ಡಿ ಕೇಳುತ್ತವೆ. ಅದನ್ನು ಮಕ್ಕಳಿಗೂ ಪೋಷಕರಿಗೂ ಮೊದಲೇ ಹೇಳುವುದು ನಮ್ಮ ಕರ್ತವ್ಯ. ಮುಂದೆ ಓದುವ ಆಸೆ ಇರುವವರಿಗೆ ಬೆಂಗಳೂರಿನ ಐಐಎಸ್‌ಸಿಯಲ್ಲೇ ಕ್ವಾಂಟಮ್ ಟೆಕ್ನಾಲಜಿಯ ಎಂ.ಟೆಕ್ ಇದೆ ಅಂತಲೂ ಹೇಳಿ.

ಎನ್‌ಪಿಟಿಇಎಲ್ ಮೂರನೆಯದು. ಪಾಠ ಉಚಿತ, ಕಲಿಸುವವರು ಐಐಟಿ ಮೇಷ್ಟ್ರುಗಳು. ಐಐಟಿ ಮದ್ರಾಸ್ ಮತ್ತು ಐಬಿಎಂ ಸೇರಿ, ಕಿಸ್ಕಿಟ್ ಎಂಬ ಕ್ವಾಂಟಮ್ ಪ್ರೋಗ್ರಾಮಿಂಗ್ ಲೈಬ್ರರಿ ಜೊತೆಗೇ ಕಲಿಸುವ ಕೋರ್ಸ್ ಕೂಡ ಅದರಲ್ಲಿ ಬಂದಿದೆ. ವಾರ ವಾರದ ಅಸೈನ್‌ಮೆಂಟ್‌ಗೆ 25, ಕೊನೆಯ ಪರೀಕ್ಷೆಗೆ 75 ಅಂಕ. ತೊಂದರೆ ಎರಡು. ಪರೀಕ್ಷೆಯನ್ನು ಕೇಂದ್ರಕ್ಕೇ ಹೋಗಿ ಬರೆಯಬೇಕು, ಹಾಗಾಗಿ ರಿಜಿಸ್ಟರ್ ಮಾಡುವ ಮೊದಲು ಕೇಂದ್ರಗಳ ಪಟ್ಟಿ ನೋಡಿ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್, ಒಂದು ದಿನದ ಓಡಾಟ. ಎರಡನೆಯದು, ಒಬ್ಬೊಬ್ಬರೇ ಮನೆಯಲ್ಲಿ ಕೂತು ವಿಡಿಯೋ ನೋಡಿದರೆ ನಡುವೆಯೇ ಕೈಬಿಡುವವರು ಜಾಸ್ತಿ. ವಾರಕ್ಕೊಂದು ಗಂಟೆ ಎಲ್ಲರನ್ನೂ ಕ್ಲಾಸ್‌ರೂಮಿನಲ್ಲಿ ಕೂರಿಸಿ, ವಿಡಿಯೋ ನಿಲ್ಲಿಸಿ ನಿಲ್ಲಿಸಿ, ಕನ್ನಡದಲ್ಲಿ ಮಾತಾಡಿ ಬಿಡಿಸಿ ಹೇಳಿದರೆ ಇದು ಚೆನ್ನಾಗಿ ನಡೆಯುತ್ತದೆ. ಮೇಷ್ಟ್ರೂ ಅದೇ ಕೋರ್ಸ್ ಬರೆದರೆ ಇನ್ನೂ ಒಳ್ಳೆಯದು.

ಎಐಸಿಟಿಇ ಮೈನರ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅದು ಕನಿಷ್ಠ 18 ಕ್ರೆಡಿಟ್‌ನ ಓದು, ಕ್ವಾಂಟಮ್ ಕಂಪ್ಯೂಟಿಂಗ್ ಜೊತೆಗೆ ಕಮ್ಯುನಿಕೇಶನ್, ಸೆನ್ಸಿಂಗ್, ಮೆಟೀರಿಯಲ್ಸ್ ಕೂಡ ಬರುತ್ತದೆ. ಸಣ್ಣ ಕಾಲೇಜು ಒಂಟಿಯಾಗಿ ಹೊತ್ತುಕೊಳ್ಳುವ ಭಾರ ಅದಲ್ಲ. ಆದರೆ ಆ ಪಠ್ಯಕ್ರಮವನ್ನು ಇಳಿಸಿಕೊಂಡು ಓದಿ, ನಿಮ್ಮ 15 ಗಂಟೆಗೆ ಏನು ಬೇಕೋ ಅದನ್ನು ಆರಿಸಿಕೊಳ್ಳಲು ತುಂಬಾ ಉಪಯೋಗ.

ವರ್ಕ್‌ಶಾಪ್? ಎರಡು ದಿನ, ತಲೆಗೆ ಇಷ್ಟು ಅಂತ ಫೀಸು, ಕೊನೆಗೆ ಸರ್ಟಿಫಿಕೇಟ್. ಆಸಕ್ತಿ ಹುಟ್ಟಿಸಲು ಸರಿ. ಕಲಿಸಿದ್ದೇವೆ ಅಂತ ಹೇಳಿಕೊಳ್ಳಲು ಸಾಲದು. ಆ ದುಡ್ಡಿನಲ್ಲಿ ಲ್ಯಾಬ್‌ನ ನಾಲ್ಕು ಕಂಪ್ಯೂಟರ್‌ಗೆ ರ್‍ಯಾಮ್ ಹಾಕಿಸಿದರೆ ಐದು ವರ್ಷ ಬಾಳುತ್ತದೆ.

ಸಾಫ್ಟ್‌ವೇರ್ ಯಾವುದು?

ಮೊದಲ ವಾರಕ್ಕೆ ಕ್ವರ್ಕ್. ಬ್ರೌಸರ್‌ನಲ್ಲಿ ತೆರೆದು ಗೇಟ್‌ಗಳನ್ನು ಎಳೆದು ಹಾಕಿದರೆ ಆಯಿತು, ಫಲಿತಾಂಶ ಅಲ್ಲೇ ಬದಲಾಗುತ್ತಾ ಹೋಗುತ್ತದೆ. 16 ಕ್ಯೂಬಿಟ್‌ವರೆಗೆ ಮಾಡಬಹುದು. ನಮಗೆ ಮುಖ್ಯವಾದದ್ದು ಏನೆಂದರೆ ಅದು ಒಂದೇ ಒಂದು ಎಚ್‌ಟಿಎಂಎಲ್ ಫೈಲ್ ಆಗಿ ಸಿಗುತ್ತದೆ. ಒಮ್ಮೆ ಇಳಿಸಿ ಪೆನ್‌ಡ್ರೈವ್‌ನಲ್ಲಿ ಹಂಚಿದರೆ ಮುಗಿಯಿತು. ಭಾಗಮಂಡಲದ ಕಡೆಯ, ನಾಪೋಕ್ಲು ಕಡೆಯ ಎಸ್ಟೇಟ್ ಮನೆಯಲ್ಲಿ ರೇಂಜ್ ಸಿಗದೆ ಗುಡ್ಡ ಹತ್ತಬೇಕಾದ ಮಕ್ಕಳೂ ಮನೆಯಲ್ಲೇ ಅಭ್ಯಾಸ ಮಾಡಬಹುದು.

ಪ್ರೋಗ್ರಾಮಿಂಗ್‌ಗೆ ಬಂದರೆ ನನ್ನ ಆಯ್ಕೆ ಐಬಿಎಂನ ಕಿಸ್ಕಿಟ್. ಪಾಠ, ಉದಾಹರಣೆ, ಪ್ರಶ್ನೋತ್ತರ ಎಲ್ಲವೂ ಅದಕ್ಕೆ ಹೆಚ್ಚು ಸಿಗುತ್ತದೆ. ಗೂಗಲ್‌ನ ಸರ್ಕ್ ಅಚ್ಚುಕಟ್ಟಾಗಿದೆ, ಆದರೆ ಶುರುವಿನವರಿಗೆ ಸಾಮಗ್ರಿ ಕಡಿಮೆ. ಪೆನ್ನಿಲೇನ್ ಮಷಿನ್ ಲರ್ನಿಂಗ್ ಗೊತ್ತಿರುವವರಿಗೆ ಚೆಂದ, ಏಳನೇ ಸೆಮಿಸ್ಟರ್ ಪ್ರಾಜೆಕ್ಟ್‌ಗೆ ಇಟ್ಟುಕೊಳ್ಳಿ. ಮೈಕ್ರೋಸಾಫ್ಟ್‌ನ ಕ್ಯೂ ಶಾರ್ಪ್ ಬೇರೆಯೇ ಭಾಷೆ, ಪೈಥಾನ್ ಈಗಷ್ಟೇ ಕಲಿತ ಮಕ್ಕಳಿಗೆ ಇನ್ನೊಂದು ಭಾಷೆಯ ಹೊರೆ ಯಾಕೆ?

ಕಿಸ್ಕಿಟ್‌ನಲ್ಲಿ ಮೂರು ಕಡೆ ಎಚ್ಚರ ಬೇಕು. 2024ರ ಫೆಬ್ರುವರಿಯಲ್ಲಿ 1.0 ಬಂತು, 2025ರಲ್ಲಿ 2.0. ಅದಕ್ಕೂ ಹಿಂದಿನ ಪುಸ್ತಕ, ಯೂಟ್ಯೂಬ್ ಪಾಠಗಳಲ್ಲಿ ಕಾಣುವ ಎಕ್ಸಿಕ್ಯೂಟ್ ಫಂಕ್ಷನ್ ಈಗ ಇಲ್ಲ, ಏರ್ ಸಿಮ್ಯುಲೇಟರ್ ಬೇರೆ ಪ್ಯಾಕೇಜ್ ಆಗಿದೆ. ಹಳೆಯ ಕೋಡ್ ಟೈಪ್ ಮಾಡಿ ಎರರ್ ಬಂದಾಗ ಮಕ್ಕಳು ತಮ್ಮದೇ ತಪ್ಪು ಅಂದುಕೊಳ್ಳುತ್ತಾರೆ, ಪಾಪ. ಹಾಗಾಗಿ ಸೆಮಿಸ್ಟರ್ ಶುರುವಾಗುವ ಮೊದಲು ಒಂದು ಆವೃತ್ತಿ ಆರಿಸಿ, ಎಲ್ಲ ಕಂಪ್ಯೂಟರ್‌ಗೂ ಅದನ್ನೇ ಹಾಕಿ, ಸೆಮಿಸ್ಟರ್ ಮುಗಿಯುವವರೆಗೆ ಅಪ್‌ಡೇಟ್ ಮಾಡಬೇಡಿ. ಎರಡನೆಯದು, ಕಿಸ್ಕಿಟ್ ಸೊನ್ನೆಯ ಕ್ಯೂಬಿಟ್ ಅನ್ನು ಉತ್ತರದಲ್ಲಿ ಬಲಗಡೆ ತುದಿಗೆ ಬರೆಯುತ್ತದೆ, ಬಹಳಷ್ಟು ಪುಸ್ತಕಗಳು ಎಡಗಡೆ ಬರೆಯುತ್ತವೆ. ಇದನ್ನು ಮೊದಲ ದಿನವೇ ಹೇಳಿ. ಮೂರನೆಯದು, ವಿಂಡೋಸ್ 7 ಇರುವ ಹಳೆಯ ಲ್ಯಾಬ್ ಕಂಪ್ಯೂಟರ್‌ನಲ್ಲಿ ಪೈಥಾನ್ 3.9 ಮತ್ತು ಮುಂದಿನದು ಓಡುವುದಿಲ್ಲ, ಈಗಿನ ಕಿಸ್ಕಿಟ್‌ಗೆ ಹೊಸ ಪೈಥಾನ್ ಬೇಕು. ಅಂಥ ಯಂತ್ರಗಳಿಗೆ ಲಿನಕ್ಸ್ ಹಾಕಿ, 64 ಬಿಟ್‌ನದ್ದು.

ನೆಟ್ ನಿಧಾನ ಇದ್ದರೆ ಪ್ರತಿ ಕಂಪ್ಯೂಟರ್‌ನಲ್ಲೂ ಡೌನ್‌ಲೋಡ್ ಮಾಡಬೇಕಿಲ್ಲ. ಒಂದು ಕಂಪ್ಯೂಟರ್‌ನಲ್ಲಿ ಪಿಪ್ ಡೌನ್‌ಲೋಡ್ ಕೊಟ್ಟು ಎಲ್ಲ ಪ್ಯಾಕೇಜ್‌ಗಳನ್ನು ಒಂದು ಫೋಲ್ಡರ್‌ಗೆ ಇಳಿಸಿ, ಆ ಫೋಲ್ಡರ್‌ನಿಂದಲೇ ಉಳಿದವಕ್ಕೆ ಇನ್‌ಸ್ಟಾಲ್ ಮಾಡಬಹುದು. ಆಪರೇಟಿಂಗ್ ಸಿಸ್ಟಂ, ಪೈಥಾನ್ ಆವೃತ್ತಿ ಎರಡೂ ಒಂದೇ ಇರಬೇಕು, ಅಷ್ಟೇ. ರ್‍ಯಾಮ್ ಬಗ್ಗೆ ಚಿಂತೆ ಬೇಡ. 20 ಕ್ಯೂಬಿಟ್‌ನ ಪೂರ್ತಿ ಸ್ಥಿತಿ ಹಿಡಿದಿಡಲು 16 ಎಂಬಿ ಸಾಕು. 25ಕ್ಕೆ 512 ಎಂಬಿ, 30ಕ್ಕೆ 16 ಜಿಬಿ. ಒಂದೊಂದು ಕ್ಯೂಬಿಟ್ ಸೇರಿಸಿದಾಗಲೂ ದುಪ್ಪಟ್ಟು. ಇದನ್ನೇ ಒಂದು ಲ್ಯಾಬ್ ಮಾಡಿ, ಕ್ಯೂಬಿಟ್ ಹೆಚ್ಚಿಸುತ್ತಾ ಹೋಗಿ ಕಂಪ್ಯೂಟರ್ ಎಲ್ಲಿ ಸುಸ್ತಾಗುತ್ತದೆ ಅಂತ ಮಕ್ಕಳೇ ಅಳೆಯಲಿ. ಕ್ವಾಂಟಮ್ ಯಂತ್ರ ಯಾಕೆ ಬೇಕು ಎನ್ನುವುದು ಅಲ್ಲಿ ತಾನಾಗಿಯೇ ಅರ್ಥವಾಗುತ್ತದೆ.

ನಿಜವಾದ ಯಂತ್ರ ಬೇಕೇ ಬೇಕಾ?

ಒಮ್ಮೆ ಬೇಕು. ಐಬಿಎಂ 2016ರಲ್ಲೇ ಐದು ಕ್ಯೂಬಿಟ್ ಯಂತ್ರವನ್ನು ಕ್ಲೌಡ್‌ನಲ್ಲಿ ಎಲ್ಲರಿಗೂ ತೆರೆಯಿತು, ಈಗ ಅದಕ್ಕಿಂತ ಬಹಳ ದೊಡ್ಡ ಯಂತ್ರಗಳನ್ನು ತಿಂಗಳಿಗೆ 10 ನಿಮಿಷ ಉಚಿತವಾಗಿ ಬಳಸಬಹುದು. ಎರಡು ಕ್ಯೂಬಿಟ್‌ಗಳೂ ಒಂದೇ ಉತ್ತರ ಕೊಡುವಂತೆ ಹೆಣೆದ ಬೆಲ್ ಸ್ಥಿತಿಯ ಸಣ್ಣ ಸರ್ಕಿಟ್‌ಗೆ ಕೆಲವೇ ಸೆಕೆಂಡು ಸಾಕು, ಹಾಗಾಗಿ ಇಡೀ ತರಗತಿಗೆ ಒಂದು ಖಾತೆಯಿಂದಲೇ ತೋರಿಸಬಹುದು. ಸಿಮ್ಯುಲೇಟರ್‌ನಲ್ಲಿ ಉತ್ತರ 00 ಅಥವಾ 11 ಮಾತ್ರ ಬರುತ್ತದೆ. ನಿಜವಾದ ಯಂತ್ರದಲ್ಲಿ ನಡುವೆ ನಡುವೆ 01, 10 ಕೂಡ ನುಸುಳುತ್ತವೆ. ಆ ತಪ್ಪು ಎಣಿಕೆಗಳನ್ನು ನೋಡಿದಾಗ ಇವತ್ತಿನ ಯಂತ್ರಗಳ ಮಿತಿ ಏನು ಅಂತ ಮಕ್ಕಳಿಗೆ ಸರಿಯಾಗಿ ಗೊತ್ತಾಗುತ್ತದೆ.

ಆದರೆ ವಾರದ ಲ್ಯಾಬ್ ಅನ್ನು ಇದರ ಮೇಲೆ ನಿಲ್ಲಿಸಬೇಡಿ. ಸರದಿ ಕಾಯಬೇಕು, ನೆಟ್ ಬೇಕು, ಉಚಿತ ಯೋಜನೆಯ ನಿಯಮಗಳು ಬದಲಾಗುತ್ತಿರುತ್ತವೆ. ಕಿಸ್ಕಿಟ್‌ನ ಫೇಕ್ ಬ್ಯಾಕೆಂಡ್‌ಗಳಲ್ಲಿ ನಿಜವಾದ ಯಂತ್ರಗಳ ತಪ್ಪಿನ ಪ್ರಮಾಣವನ್ನೇ ದಾಖಲಿಸಿ ಇಟ್ಟಿರುತ್ತಾರೆ, ಅದು ನಿಮ್ಮ ಕಂಪ್ಯೂಟರ್‌ನಲ್ಲೇ ಓಡುತ್ತದೆ. ದಿನನಿತ್ಯದ ಪಾಠಕ್ಕೆ ಅದು ಸಾಕು. ಯಂತ್ರದ ಫಲಿತಾಂಶವನ್ನು ಒಮ್ಮೆ ಪಡೆದು ಫೈಲ್ ಮಾಡಿ ಇಟ್ಟುಕೊಂಡರೆ ಮುಂದಿನ ವರ್ಷವೂ ತೋರಿಸಬಹುದು.

ಮಳೆ, ರಜೆ, ಟೈಮ್‌ಟೇಬಲ್

ಜೂನ್‌ನಿಂದ ಆಗಸ್ಟ್‌ವರೆಗೆ ಇಲ್ಲಿ ಕರೆಂಟ್ ಯಾವಾಗ ಹೋಗುತ್ತದೆ, ರಜೆ ಯಾವಾಗ ಘೋಷಣೆಯಾಗುತ್ತದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಎನ್‌ಪಿಟಿಇಎಲ್ ವರ್ಷಕ್ಕೆ ಎರಡು ಸಲ ನಡೆಯುತ್ತದೆ, ಜನವರಿಯಲ್ಲಿ ಮತ್ತು ಜುಲೈನಲ್ಲಿ. ನಮಗೆ ಜನವರಿಯದ್ದೇ ಸರಿ. ಜುಲೈನಲ್ಲಿ ಸೇರಿದರೆ ಮೊದಲ ನಾಲ್ಕು ವಾರದ ಅಸೈನ್‌ಮೆಂಟ್ ಮಳೆಯಲ್ಲೇ ಹೋಗುತ್ತದೆ. ಜನವರಿಯಲ್ಲಿ ಕೆಲವು ಮಕ್ಕಳಿಗೆ ಮನೆಯಲ್ಲಿ ಕಾಫಿ ಕುಯ್ಲಿನ ಕೆಲಸ ಇರುತ್ತದೆ, ಅದನ್ನೂ ನೋಡಿಕೊಂಡು ಅಸೈನ್‌ಮೆಂಟ್ ಚರ್ಚೆಯನ್ನು ವಾರದ ನಡುವೆ, ಕಾಲೇಜಿನ ಸಮಯದಲ್ಲೇ ಇಡಿ.

ಮಳೆಗಾಲದಲ್ಲಿ ಕೈಲೆಕ್ಕದ ಪಾಠಗಳನ್ನು ಮಾಡಿ. ಬಿಬಿ84 ಎಂಬ, ಗೂಢಲಿಪಿಯ ಕೀಲಿ ಹಂಚುವ ಕ್ವಾಂಟಮ್ ವಿಧಾನ 1984ರದ್ದು, ಅದನ್ನು ಕರೆಂಟ್ ಇಲ್ಲದೆ ಚೀಟಿಗಳಲ್ಲೇ ಆಡಿಸಬಹುದು. ಒಬ್ಬರು ಬಿಟ್ ಮತ್ತು ಅದರ ದಿಕ್ಕನ್ನು ಚೀಟಿಯಲ್ಲಿ ಬರೆಯುತ್ತಾರೆ. ಪಡೆಯುವವರು ಮೊದಲು ತಮ್ಮ ದಿಕ್ಕು ಆರಿಸುತ್ತಾರೆ. ದಿಕ್ಕು ಹೊಂದಿದರೆ ಬಿಟ್ ಸರಿಯಾಗಿ ಸಿಗುತ್ತದೆ, ಹೊಂದದಿದ್ದರೆ ನಾಣ್ಯ ಚಿಮ್ಮಿ ನಿರ್ಧರಿಸಬೇಕು. ಸುಮಾರು ಅರ್ಧ ಹೊಂದುತ್ತವೆ. ಆಮೇಲೆ ನಡುವೆ ಒಬ್ಬ ಕಳ್ಳನನ್ನು ಕೂರಿಸಿ. ಅವನು ಓದಿ ಮುಂದೆ ಕಳಿಸಿದರೆ, ಹೊಂದಿದ ಬಿಟ್‌ಗಳಲ್ಲೂ ಸರಾಸರಿ ಕಾಲುಭಾಗ ತಪ್ಪಾಗುತ್ತದೆ, ಹಾಗೆ ಅವನು ಸಿಕ್ಕಿಬೀಳುತ್ತಾನೆ. ಒಂದು ಗಂಟೆಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಪರೀಕ್ಷೆ ಬಗ್ಗೆ ಒಂದೇ ಮಾತು. "ಕ್ಯೂಬಿಟ್ ಎಂದರೇನು, ವಿವರಿಸಿ" ಅಂತ ಕೇಳಬೇಡಿ. ಎರಡು ಗೇಟ್‌ನ ಸರ್ಕಿಟ್ ಕೊಟ್ಟು ಏನು ಬರುತ್ತದೆ ಅಂತ ಲೆಕ್ಕ ಮಾಡಿಸಿ.

ಕಲಿಸುವವರು ಯಾರು?

ಎಲ್ಲ ಆಯ್ಕೆಗಳೂ ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತವೆ. ನಮ್ಮ ಸರ್ಕಾರಿ ಡಿಗ್ರಿ ಕಾಲೇಜುಗಳು ಅತಿಥಿ ಉಪನ್ಯಾಸಕರ ಮೇಲೆ ನಡೆಯುತ್ತಿವೆ. ಈ ವರ್ಷ ಆಸಕ್ತಿಯಿಂದ ಕಲಿಸಿದ ಮೇಡಂ ಮುಂದಿನ ವರ್ಷ ಬೇರೆ ಊರಿನಲ್ಲಿರಬಹುದು. ಖಾಸಗಿ ಕಾಲೇಜುಗಳಲ್ಲೂ ಚೆನ್ನಾಗಿ ಕಲಿತವರು ಬೆಂಗಳೂರಿನ ಕಡೆ ಹೋಗುತ್ತಾರೆ, ಅವರನ್ನು ದೂರುವಂತಿಲ್ಲ. ಹಾಗಾಗಿ ಒಬ್ಬರನ್ನೇ ನಂಬಿದ ಎಲೆಕ್ಟಿವ್‌ಗಿಂತ, ಮೂರು ಪೇಪರ್‌ಗಳಲ್ಲಿ ಮೂವರು ಹಂಚಿಕೊಂಡ 15 ಗಂಟೆ ಹೆಚ್ಚು ಕಾಲ ಉಳಿಯುತ್ತದೆ. ಒಬ್ಬರು ಹೋದರೂ ಉಳಿದಿಬ್ಬರ ಭಾಗ ನಡೆಯುತ್ತದೆ, ಹೊಸಬರಿಗೆ ಹೇಳಿಕೊಡಲೂ ಜನ ಇರುತ್ತಾರೆ.

ಕಂಪ್ಯೂಟರ್ ಸೈನ್ಸ್‌ನ ಇಬ್ಬರು, ಫಿಸಿಕ್ಸ್ ಅಥವಾ ಗಣಿತದ ಒಬ್ಬರು, ಹೀಗೆ ಮೂವರು ಬೇಸಿಗೆ ರಜೆಯಲ್ಲಿ ಒಟ್ಟಿಗೆ ಕೂತು ಒಂದು ಕೋರ್ಸ್ ಮುಗಿಸಲಿ. ಬೋರ್ಡ್ ಲೆಕ್ಕಗಳು, ಲ್ಯಾಬ್ ಫೈಲ್‌ಗಳು, ಇಳಿಸಿಟ್ಟ ಪ್ಯಾಕೇಜ್‌ಗಳ ಫೋಲ್ಡರ್, ಪ್ರಶ್ನೆಗಳು ಎಲ್ಲವೂ ಡಿಪಾರ್ಟ್‌ಮೆಂಟ್‌ನ ಕಂಪ್ಯೂಟರ್‌ನಲ್ಲಿ ಇರಲಿ, ಯಾರೊಬ್ಬರ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಬೇಡ. ಪೊನ್ನಂಪೇಟೆಯ ಕಾಲೇಜಿನವರು ಮಾಡಿದ ಲ್ಯಾಬ್ ಹಾಳೆಯನ್ನು ಗೋಣಿಕೊಪ್ಪಲಿನ ಬಿಸಿಎಯವರು ಬಳಸಬಹುದು, ಏಳೆಂಟು ಕಿಲೋಮೀಟರ್ ದೂರವೂ ಇಲ್ಲ. ಎರಡು ಸಲ ಹೀಗೆ ನಡೆಸಿ, ಮೂವರೂ ಧೈರ್ಯವಾಗಿ "ಇನ್ನೂ ಜಾಸ್ತಿ ಕಲಿಸಬಲ್ಲೆವು" ಅಂದಾಗ 40 ಗಂಟೆಯ ಎಲೆಕ್ಟಿವ್‌ಗೆ ಅರ್ಜಿ ಹಾಕಿ.